ಹತ್ತು ಜನ, ನಾಲ್ಕು ಗಂಟೆ: ಮಲೆನಾಡಲ್ಲಿ ಕೋವಿಡ್ ಲಸಿಕೆ ಹಾಕಿದ ಕೆಲಸದ ವಿವರ, ಗೊತ್ತಿರೋರು ಬರೀರಿ

ಹೇಮಾವತಿ ದಡ:
ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ 2021-22ರಲ್ಲಿ ನಡೆದ ಕೋವಿಡ್ ಲಸಿಕೆ ಕೆಲಸದ ವಿವರ ಒಂದು ಕಡೆ ಕೂಡಿಸ್ತಿದೀನಿ. ಸುತ್ತೋಲೆ ಸಿಗುತ್ತೆ, ಎಷ್ಟು ಜನಕ್ಕೆ ಹಾಕಿದ್ರು ಅನ್ನೋ ಲೆಕ್ಕವೂ ಸಿಗುತ್ತೆ. ಪಿಎಚ್‌ಸಿಯಿಂದ (ಪ್ರಾಥಮಿಕ ಆರೋಗ್ಯ ಕೇಂದ್ರ) ಲಸಿಕೆ ಡಬ್ಬ ಹೊರಟ ಮೇಲೆ ಏನು ಕೈಕೊಡ್ತಿತ್ತು, ಯಾಕೆ ಅನ್ನೋದು ಮಾತ್ರ ಎಲ್ಲೂ ಬರೆದಿಟ್ಟಿಲ್ಲ. ನಂಗೆ ಎರಡು ದಿನ ಜ್ವರ ಬಂತು ಅನ್ನೋ ಕಥೆ ಬೇಡ, ಅವು ಬೇಕಾದಷ್ಟಿವೆ. ಊರಿನ ಹೆಸರು ಪರವಾಗಿಲ್ಲ, ಆಸ್ಪತ್ರೆ ಮೇಲಾಗಲಿ ಜನರ ಮೇಲಾಗಲಿ ದೂರು ಬೇಡ.

ದಿನಾಂಕ ನಾನೇ ಹಾಕಿಬಿಡ್ತೀನಿ, ಮತ್ತೆ ಜಗಳ ಬೇಡ. 2021 ಜನವರಿ 16ಕ್ಕೆ ಆರೋಗ್ಯ ಸಿಬ್ಬಂದಿಯಿಂದ ಶುರು. ಮಾರ್ಚ್ 1ಕ್ಕೆ 60 ದಾಟಿದವರು, ಜೊತೆಗೆ 45ರಿಂದ 59ರೊಳಗೆ ಪಟ್ಟಿಯಲ್ಲಿದ್ದ ಕಾಯಿಲೆ ಇರೋರು. ಏಪ್ರಿಲ್ 1ಕ್ಕೆ 45 ಆದ ಎಲ್ಲರೂ. ಮೇ 1ಕ್ಕೆ 18 ಆದವರಿಗೂ ಬಾಗಿಲು ತೆಗೆದ್ರು, ಆದ್ರೆ ದಾಸ್ತಾನು ಸಾಲದೆ ನಮ್ಮ ರಾಜ್ಯದಲ್ಲಿ ಮೇ 14ರಿಂದ 18-44ರವರಿಗೆ ನಿಲ್ಲಿಸಿ ಎರಡನೇ ಡೋಸಿನವರಿಗೆ ಬಿಟ್ರು. ಜೂನ್ 21ರಿಂದ ಸರ್ಕಾರಿ ಕೇಂದ್ರದಲ್ಲಿ ಎಲ್ಲರಿಗೂ ಕೇಂದ್ರದ ಖರ್ಚಲ್ಲೇ ಉಚಿತ. 2022 ಜನವರಿ 3ಕ್ಕೆ 15-18, ಜನವರಿ 10ಕ್ಕೆ ಮುನ್ನೆಚ್ಚರಿಕೆ ಡೋಸು (ಮೂರನೆಯದು), ಮಾರ್ಚ್ 16ಕ್ಕೆ 12-14.

ಸೂಜಿ ಸಿಸ್ಟರ್:
ಎಲ್ಲಾ ತಲೆಬಿಸಿಯ ಬೇರು ಒಂದೇ ರೀ, ವಯಲ್, ಅಂದ್ರೆ ಲಸಿಕೆಯ ಪುಟ್ಟ ಬಾಟಲಿ. ಕೋವಿಶೀಲ್ಡ್ ಅಂದ್ರೆ 5 ಮಿ.ಲೀ. ಬಾಟಲಿ, ತಲಾ 0.5 ಮಿ.ಲೀ.ನಂತೆ 10 ಜನಕ್ಕೆ. ಮೊದಲ ಸೂಜಿ ಒಳಗೆ ಹೋದ ಹೊತ್ತು ಬಾಟಲಿ ಮೇಲೆ ಬರೀಬೇಕು, ಅಲ್ಲಿಂದ 4 ಗಂಟೆ. ಉಳಿದಿದ್ದು ಎಸೆಯೋದೇ. ಮಕ್ಕಳ ಪೋಲಿಯೋ ಹನಿ, ಪೆಂಟಾ (ಐದು ರೋಗಕ್ಕೆ ಒಂದೇ ಲಸಿಕೆ) ಇವುಗಳಿಗೆ ತೆರೆದ ವಯಲ್ಲನ್ನ ಷರತ್ತಿನ ಮೇಲೆ 28 ದಿನ ಇಟ್ಕೊಳ್ಳಬಹುದು. ಕೋವಿಶೀಲ್ಡ್‌ಗೆ ಆ ಸವಲತ್ತು ಇರ್ಲಿಲ್ಲ. ವಯಲ್ ಬಿಸಿಯಾಗಿತ್ತಾ ಅಂತ ಬಣ್ಣ ನೋಡಿ ಹೇಳೋ ವಿವಿಎಂ ಗುರುತೂ ಇರ್ಲಿಲ್ಲ. ಹಾಗಾಗಿ ಡಬ್ಬ ಸರಿಯಾಗಿ ಕಟ್ಟಿದಾರೆ ಅನ್ನೋ ನಂಬಿಕೆ ಮೇಲೇ ಕೆಲಸ.

ಹಾಸನ ಪೇಟೆಯಲ್ಲಿ ಹತ್ತು ಜನ ಹತ್ತು ನಿಮಿಷದಲ್ಲಿ ಸೇರ್ತಾರೆ. ಹೆತ್ತೂರು, ಯಸಳೂರು ಕಡೆ ಒಂದು ಮನೆಗೂ ಇನ್ನೊಂದಕ್ಕೂ ನಡುವೆ ತೋಟ, ಹಳ್ಳ. ಅಲ್ಲಿ ಹತ್ತು ಜನ ಅಂದ್ರೆ ಮೂರು ನಾಲ್ಕು ಊರು. ಹಿಂದಿನ ಸಂಜೆಯೇ ಆಶಾದವರು ಪಟ್ಟಿ ಮಾಡ್ಬೇಕು, ಹತ್ತಕ್ಕೆ ಹನ್ನೆರಡು ಹದಿಮೂರು ಹೆಸರು ಬರ್ಕೋಬೇಕು. ಯಾಕಂದ್ರೆ ಒಬ್ಬರಿಗೆ ಅವತ್ತೇ ಜ್ವರ ಇರುತ್ತೆ, ಒಬ್ಬರು ಕೋವಿಡ್ ಬಂದು ಮೂರು ತಿಂಗಳು ಆಗಿರೋದಿಲ್ಲ, ಒಬ್ಬರಿಗೆ ಕೋವಿಶೀಲ್ಡ್ ಎರಡನೇ ಡೋಸಿನ ದಿನ ಬಂದಿರೋದಿಲ್ಲ.

ಆ ಎರಡನೇ ಡೋಸಿನ ದಿನದ ಗೊಂದಲಕ್ಕೆ ಜನರನ್ನ ಬೈಯೋ ಹಾಗಿಲ್ಲ. ಮೊದಲು 4ರಿಂದ 6 ವಾರ ಅಂದ್ರು, ಮಾರ್ಚ್ ಕೊನೆಗೆ 6ರಿಂದ 8 ವಾರ, ಮೇ 13ಕ್ಕೆ 12ರಿಂದ 16 ವಾರ. ಮೊದಲ ಡೋಸಿನಲ್ಲಿ ಚೀಟಿ ಮೇಲೆ ಬರೆದುಕೊಟ್ಟ ದಿನಾಂಕ ಹಿಡ್ಕೊಂಡು ಬಂದವರು ವಾಪಸ್ ಹೋಗ್ಬೇಕಾಯ್ತು. ಕೋವ್ಯಾಕ್ಸಿನ್‌ಗೆ ಮಾತ್ರ ಮೊದಲಿಂದ ಕೊನೇವರೆಗೂ 28 ದಿನವೇ.

ಶೀತಲ ಪೆಟ್ಟಿಗೆ:
ಡಬ್ಬದ ವಿಷಯ ನಾನು ಬರೀತೀನಿ. ಲಸಿಕೆ 2ರಿಂದ 8 ಡಿಗ್ರಿ ಒಳಗಿರಬೇಕು ಅನ್ನೋದು ಎಲ್ಲರಿಗೂ ಗೊತ್ತು. ಬಿಸಿಯಾದರೆ ಕೆಡುತ್ತೆ ಅನ್ನೋದೂ ಗೊತ್ತು. ತಂಪು ಹೆಚ್ಚಾದರೂ ಕೆಡುತ್ತೆ ಅನ್ನೋದು ಮಾತ್ರ ತಲೆಗೆ ಹೋಗೋದಿಲ್ಲ. ಕೋವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಲವಣ ಇದೆ. ಹೆಪ್ಪುಗಟ್ಟಿ ಕರಗಿದರೆ ಅದು ಗಂಟು ಕಟ್ಟುತ್ತೆ, ಲಸಿಕೆ ಶಕ್ತಿ ಹೋಗುತ್ತೆ. ಕೋವಿಶೀಲ್ಡ್ ಕೂಡ ಹೆಪ್ಪುಗಟ್ಟಬಾರದು. ನೋಡೋಕೆ ನೀರಿನಂತೆ ತಿಳಿಯಾಗಿದ್ದರೂ ಹೆಪ್ಪುಗಟ್ಟಿದ ಶಂಕೆ ಬಂದ ವಯಲ್ ಬಳಸುವಂತಿಲ್ಲ.

ತಪ್ಪು ಆಗೋದು ಹೀಗೆ. ಡೀಪ್ ಫ್ರೀಜರ್‌ನಿಂದ ತೆಗೆದ ಐಸ್‌ಪ್ಯಾಕ್ ಮೈನಸ್ 15, ಮೈನಸ್ 20 ಡಿಗ್ರಿಯಲ್ಲಿರುತ್ತೆ. ಹೊರಡೋ ಅವಸರದಲ್ಲಿ ಅದನ್ನೇ ನೇರವಾಗಿ ಕ್ಯಾರಿಯರ್‌ಗೆ (ಲಸಿಕೆ ಒಯ್ಯೋ ಡಬ್ಬ) ತುರುಕಿದರೆ ಅದಕ್ಕೆ ತಾಗಿದ ವಯಲ್ ಹೆಪ್ಪುಗಟ್ಟುತ್ತೆ. ಪ್ಯಾಕ್‌ಗಳನ್ನ ಮೇಜಿನ ಮೇಲೆ ಬಿಡಿಬಿಡಿಯಾಗಿ ಜೋಡಿಸಿ ಬೆವರೋಕೆ ಬಿಡಬೇಕು. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಕುಲುಕೋ ಸದ್ದು ಕೇಳಬೇಕು. ಆಮೇಲೆ ನಾಲ್ಕು ಪ್ಯಾಕ್ ನಾಲ್ಕು ಗೋಡೆಗೆ, ನಡುವೆ ಜಿಪ್ ಕವರಿನಲ್ಲಿ ವಯಲ್ಲು, ಮೇಲೆ ಸ್ಪಂಜು, ಆಮೇಲೆ ಮುಚ್ಚಳ. ಕವರ್ ಯಾಕೆ ಅಂದರೆ ನೀರು ಇಳಿದು ಲೇಬಲ್ ಕಿತ್ತು ಬಂದರೆ ಬ್ಯಾಚ್ ನಂಬರ್, ಅವಧಿ ಎರಡೂ ಓದಲಾಗದು. ಓದಲಾಗದ ವಯಲ್ ಕೂಡ ಎಸೆಯೋದೇ.

ಬೆವರೋಕೆ ಎಷ್ಟು ಹೊತ್ತು ಅಂತ ಕೇಳಬೇಡಿ, ಅದಕ್ಕೆ ನಿಗದಿ ನಿಮಿಷ ಇಲ್ಲ. ಅರಸೀಕೆರೆಯ ಏಪ್ರಿಲ್ ಬಿಸಿಲೇ ಬೇರೆ, ಮೂಡಿಗೆರೆಯ ಜುಲೈ ಚಳಿಯೇ ಬೇರೆ. ಮೂಡಿಗೆರೆಯಲ್ಲಿ ಮಳೆಗಾಲದಲ್ಲಿ ದುಪ್ಪಟ್ಟು ಹೊತ್ತು ಹಿಡಿದರೂ ಆಶ್ಚರ್ಯವಿಲ್ಲ. ಗಡಿಯಾರ ಬಿಟ್ಟು ಸದ್ದು ಕೇಳಿ.

ಇನ್ನು ಐಎಲ್‌ಆರ್, ಅಂದರೆ ಆಸ್ಪತ್ರೆಯಲ್ಲಿ ಲಸಿಕೆ ಇಡೋ ವಿಶೇಷ ಫ್ರಿಜ್ಜು. ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂತಿ ಮೇಲೆ ಮರ ಬಿದ್ದು ಕರೆಂಟು ಹೋಗೋದು ಮಾಮೂಲು. ಐಎಲ್‌ಆರ್‌ನ ಗೋಡೆಯೊಳಗೇ ಐಸಿನ ಪದರ ಇರೋದರಿಂದ ದಿನಕ್ಕೆ ಒಟ್ಟಿಗೆ 8 ಗಂಟೆ ಕರೆಂಟು ಸಿಕ್ಕರೆ ಅದು ತಂಪು ಕಾಯ್ದುಕೊಳ್ಳುತ್ತೆ, ಮನೆ ಫ್ರಿಜ್ಜಿಗೆ ಆ ತಾಕತ್ತಿಲ್ಲ. ಆದರೆ ಷರತ್ತು: ಕರೆಂಟು ಇಲ್ಲದಾಗ ಮುಚ್ಚಳ ತೆಗೆಯಬಾರದು. ಐಎಲ್‌ಆರ್‌ನ ತಳ ಅತಿ ತಂಪು, ಅಲ್ಲಿ ವಯಲ್ ಇಡದೆ ಬುಟ್ಟಿಯಲ್ಲೇ ಇಡಬೇಕು. ಬೆಳಿಗ್ಗೆ ಸಂಜೆ ಎರಡು ಹೊತ್ತು ಉಷ್ಣತೆ ಬರೆಯೋ ಪುಸ್ತಕದಲ್ಲಿ ತಿಂಗಳಿಡೀ "4, 4, 4" ಅಂತಿದ್ದರೆ ಯಾರೂ ಥರ್ಮಾಮೀಟರ್ ನೋಡಿಲ್ಲ ಅಂತಲೇ ತಿಳಿಯಿರಿ.

ಕಡೂರು ಬಯಲು:
ಸರ್, ಎಸೆದ ಡೋಸಿನ ಲೆಕ್ಕದ ಜೊತೆಗೆ ಇನ್ನೊಂದು ಸೋಜಿಗ ಇದೆ. ಕೆಲವು ಕಡೆ ಬಂದ ಡೋಸಿಗಿಂತ ಹಾಕಿದ ಡೋಸೇ ಜಾಸ್ತಿ. ಇದು ಕಾಗದದ ಮೇಲಿನ ಆಟ ಅಲ್ವಾ?

ಸೂಜಿ ಸಿಸ್ಟರ್:
ಆಟ ಅಲ್ಲ ಅಣ್ಣಾ, 11ನೇ ಡೋಸು. ಸಿರಿಂಜಲ್ಲಿ, ಬಾಟಲಿ ಗೋಡೆಗೆ ಅಂಟಿ ಹೋಗೋದಕ್ಕೆ ಅಂತ ಕಂಪನಿಯವರು ವಯಲ್ಲಿಗೆ ಸ್ವಲ್ಪ ಹೆಚ್ಚು ತುಂಬಿರ್ತಾರೆ. ಕೈ ಪಳಗಿದವರು ಒಂದು ಹನಿಯೂ ಚೆಲ್ಲದೆ ಎಳೆದರೆ ಹತ್ತರ ಮೇಲೆ ಇನ್ನೊಂದು ಪೂರ್ತಿ 0.5 ಬರುತ್ತೆ. ಕೇರಳದವರು ಇದರಲ್ಲೇ ಹೆಸರು ಮಾಡಿದ್ರು. ಪೂರ್ತಿ 0.5 ಬಂದರೆ ಹಾಕಬಹುದು, 0.4 ಬಂದರೆ ಹಾಕಬಾರದು. ಎರಡು ವಯಲ್ಲಿನ ತಳದ್ದನ್ನ ಕೂಡಿಸಿ ಒಂದು ಡೋಸು ಮಾಡೋದಂತೂ ಮಾಡಲೇಬಾರದು. ಬ್ಯಾಚ್ ಬೇರೆ ಆದ್ರೆ ನಾಳೆ ಏನಾದ್ರೂ ಆದಾಗ ಯಾವ ವಯಲ್ಲು ಅಂತ ಹೇಳೋಕಾಗಲ್ಲ, ಮೇಲಾಗಿ ಕ್ರಿಮಿ ಸೇರೋ ದಾರಿ ಅದು.

ಎ.ಡಿ. ಸಿರಿಂಜಿಗೆ (ಒಂದೇ ಸಲ ಬಳಸೋಕೆ ಆಗೋದು, ಆಮೇಲೆ ತಾನೇ ಲಾಕ್ ಆಗುತ್ತೆ) ಒಂದು ಸೂಕ್ಷ್ಮ ಇದೆ, ಹೊಸಬರು ಅಲ್ಲೇ ಎಡವೋದು. ಮಾಮೂಲಿ ಸಿರಿಂಜಿನ ಅಭ್ಯಾಸದಲ್ಲಿ ಮೊದಲು ಗಾಳಿ ಎಳೆದು ಬಾಟಲಿಗೆ ತಳ್ಳೋಕೆ ಹೋಗ್ತಾರೆ. ಎ.ಡಿ. ಸಿರಿಂಜಿನ ದಂಡ ಒಂದೇ ಸಲ ಹಿಂದೆ ಬರೋದು, ಗಾಳಿ ತಳ್ಳಿದ ಕೂಡಲೇ ಅದು ಲಾಕ್ ಆಗುತ್ತೆ, ಸಿರಿಂಜು ವ್ಯರ್ಥ. ಸೂಜಿ ಒಳಗೆ ಹೋದ ಮೇಲೆಯೇ ಎಳೀಬೇಕು, ಬಾಟಲಿ ತಲೆಕೆಳಗೆ ಹಿಡಿದು, ಸೂಜಿ ತುದಿ ಔಷಧಿಯೊಳಗೇ ಇರೋ ಹಾಗೆ. ಸ್ವಲ್ಪ ಹೆಚ್ಚು ಎಳೆದು, ತಟ್ಟಿ ಗುಳ್ಳೆ ಮೇಲೆ ಬರಿಸಿ, 0.5ರ ಗೆರೆಗೆ ತರಬೇಕು. ಬಾಟಲಿಯನ್ನ ಜೋರಾಗಿ ಕುಲುಕಬಾರದು, ಗುಳ್ಳೆ ಎದ್ದು ಅಳತೆ ತಪ್ಪುತ್ತೆ.

ಚುಚ್ಚೋ ಜಾಗ ಹೆಗಲ ಮೂಳೆಯಿಂದ ಎರಡು ಮೂರು ಬೆರಳು ಕೆಳಗೆ, ನೇರ 90 ಡಿಗ್ರಿ. ಸೆರಗೋ ತೋಳೋ ಅರ್ಧ ಸರಿಸಿ ಮೇಲೆ ಚುಚ್ಚಿದ್ರೆ ಸೂಜಿ ಕೀಲಿನ ಹತ್ತಿರ ಹೋಗುತ್ತೆ, ಆಮೇಲೆ ವಾರಗಟ್ಟಲೆ ಕೈ ಎತ್ತೋಕಾಗದ ನೋವು. ಅದು ಲಸಿಕೆ ದೋಷ ಅಲ್ಲ, ಜಾಗದ ದೋಷ. ಬಿಗಿ ತೋಳಿನ ಅಂಗಿ, ರವಿಕೆ ಹಾಕ್ಕೊಂಡು ಬರಬೇಡಿ ಅಂತ ಹಿಂದಿನ ದಿನವೇ ಹೇಳಿಸೋದು ಇದಕ್ಕೇ.

ಎಸ್ಟೇಟ್ ರೈಟರು:
ತೋಟದ ಲೆಕ್ಕ ಬೇರೆ. ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲು ಮನೆ) ಹತ್ತು ಜನ ಸೇರಿಸೋದು ಕಷ್ಟವಲ್ಲ, ಯಾವ ದಿನ ಸೇರಿಸೋದು ಅನ್ನೋದೇ ಕಷ್ಟ. ಅರೇಬಿಕ ಕೊಯ್ಲು ನವೆಂಬರಿಂದ ಜನವರಿ, ಅದರ ಹಿಂದೆಯೇ ರೋಬಸ್ಟ. ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ಇವತ್ತು ಸೂಜಿ ಹಾಕಿಸ್ಕೊಂಡು ನಾಳೆ ಮೈಕೈ ನೋವಂತ ಮಲಗಿದ್ರೆ ನಾಳೆಯ ಕಾಸು ಹೋಯ್ತು. ಲಸಿಕೆ ಬೇಡ ಅಂದವರಲ್ಲಿ ಮುಕ್ಕಾಲು ಜನಕ್ಕೆ ಇದ್ದಿದ್ದು ಹೆದರಿಕೆಯಲ್ಲ, ಈ ಲೆಕ್ಕ. ವಾರದ ರಜೆಯ ಹಿಂದಿನ ದಿನ ಸಂಜೆ ಕ್ಯಾಂಪ್ ಇಟ್ಟು, ರಜೆ ದಿನ ಜ್ವರಕ್ಕೆ ಬಿಟ್ಟರೆ ತಕರಾರೇ ಇಲ್ಲ. ವಾರದ ನಡುವೆ ಇಟ್ಟರೆ ಸಂಬಳದ ರಜೆ ಕೊಡ್ತೀವಿ ಅಂತ ಮೊದಲೇ ಹೇಳಬೇಕು, ಆಮೇಲೆ ಹೇಳಿದ್ರೆ ಯಾರೂ ನಂಬಲ್ಲ.

ಇನ್ನೊಂದು: ಗಂಡ ಹೆಂಡತಿ ಇಬ್ಬರಿಗೂ ಒಂದೇ ದಿನ ಹಾಕಿಸಬಾರದು. ಇಬ್ಬರೂ ಮಲಗಿದ್ರೆ ಮಕ್ಕಳಿಗೆ, ದನಕ್ಕೆ ನೋಡೋರಿಲ್ಲ. ಯಾವ ಸುತ್ತೋಲೆಯಲ್ಲೂ ಇದು ಇರ್ಲಿಲ್ಲ.

ಬರೋಕೆ ಮುಂಚೆ ಹೊಟ್ಟೆಗೆ ಹಾಕ್ಕೊಂಡು ಬರೋಕೆ ಹೇಳಿ. ಬೆಳಗ್ಗೆ ಬರೀ ಕಾಫಿ ಕುಡಿದು, ಬಿಸಿಲಲ್ಲಿ ಸಾಲು ನಿಂತು, ಸೂಜಿ ಕಂಡು ಧೊಪ್ಪನೆ ಬೀಳೋರು ಬೇಕಾದಷ್ಟು. ಒಬ್ಬರು ಬಿದ್ದರೆ ಸಾಲಿನಲ್ಲಿರೋ ಅರ್ಧ ಜನ ಮನೆ ಕಡೆ. ಹಾಗೆ ಹೋದವರ ಪಾಲಿನ ವಯಲ್ ತೆರೆದಾಗಿರುತ್ತೆ.

ಓಟಿಪಿ ಹೇಳಿ:
ಅಸ್ಸಾಂ, ಜಾರ್ಖಂಡ್ ಕಡೆಯ ಕಾರ್ಮಿಕರ ಕೋವಿನ್ (ಲಸಿಕೆ ನೋಂದಣಿಯ ವೆಬ್‌ಸೈಟ್) ಗೋಳು ನಾನು ಬರೀಲೇಬೇಕು. ಒಂದು ಮೊಬೈಲ್ ನಂಬರಿಗೆ 4 ಜನ ಮಾತ್ರ ನೋಂದಣಿ, 2022 ಜನವರಿ 21ರಿಂದ 6 ಜನ. ಫೋನ್ ಇಲ್ಲದ ಕಾರ್ಮಿಕರಿಗೆ ತೋಟದ ಲೆಕ್ಕ ಬರೆಯೋ ರೈಟರ ನಂಬರ್, ಆಶಾ ಅಕ್ಕನ ನಂಬರ್, ಕೊನೆಗೆ ಜೀಪಿನ ಡ್ರೈವರ್ ನಂಬರ್. ಅಲ್ಲಿಗೆ ನಂಬರುಗಳೇ ಮುಗೀತು! ಎರಡನೇ ಡೋಸಿಗೆ ಅವರು ಬೇರೆ ತೋಟಕ್ಕೆ ಹೋಗಿದ್ರೆ ಓಟಿಪಿ ಬರೋದು ಇಲ್ಲಿನ ಡ್ರೈವರ್‌ಗೆ.

ಅದಕ್ಕೇ ಮೊದಲ ಡೋಸಿನ ದಿನವೇ ಒಂದು ಚೀಟಿ ಮೇಲೆ ಮೂರು ವಿಷಯ ಬರೆದು ಕೊಡಬೇಕಿತ್ತು: ಯಾವ ಮೊಬೈಲ್ ನಂಬರು, ಯಾವ ಗುರುತಿನ ಚೀಟಿ, ಯಾವ ಲಸಿಕೆ ಯಾವ ದಿನ. ಈ ಚೀಟಿ ಇಲ್ಲದೆ ಬಂದವರನ್ನ ಹೊಸದಾಗಿ ನೋಂದಾಯಿಸಿದರೆ ಎರಡನೇ ಡೋಸು ಮತ್ತೆ 'ಮೊದಲ ಡೋಸು' ಅಂತಲೇ ಏರುತ್ತೆ. ಒಬ್ಬನೇ ಮನುಷ್ಯನಿಗೆ ಎರಡು ಮೊದಲ ಡೋಸಿನ ಸರ್ಟಿಫಿಕೇಟು, ಪೂರ್ತಿಯಾದದ್ದು ಒಂದೂ ಇಲ್ಲ. ಕೋವಿನ್‌ನಲ್ಲಿ ಸಮಸ್ಯೆ ದಾಖಲಿಸೋ ಕಡೆ ಹೋಗಿ ಎರಡನ್ನೂ ಒಂದುಗೂಡಿಸೋ ಅವಕಾಶ ಆಮೇಲೆ ಬಂತು. ಹೆಸರು, ಹುಟ್ಟಿದ ವರ್ಷ, ಲಿಂಗ ತಿದ್ದೋದೂ ಅಲ್ಲೇ.

ಆಧಾರ್ ಕಡ್ಡಾಯ ಇರಲಿಲ್ಲ. ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್, ಪ್ಯಾನ್, ಪಾಸ್‌ಪೋರ್ಟ್, ಫೋಟೋ ಇರೋ ಪಿಂಚಣಿ ಪುಸ್ತಕ ನಡೀತಿತ್ತು. ಯಾವ ಚೀಟಿಯೂ ಇಲ್ಲದವರಿಗೆ 2021 ಮೇ 6ಕ್ಕೆ ಬೇರೆ ಕ್ರಮ ಬಂತು: ಅಧಿಕಾರಿಗಳು ಗುರುತಿಸಿದ ಒಬ್ಬರು ಜವಾಬ್ದಾರಿ ಹೊತ್ತು ಆ ಗುಂಪನ್ನ ಕರ್ಕೊಂಡು ಬಂದು ತಮ್ಮ ಮೊಬೈಲಲ್ಲಿ ನೋಂದಾಯಿಸೋದು. ಇದು ಗೊತ್ತಿಲ್ಲದೆ ಬಾಗಿಲಲ್ಲೇ ವಾಪಸ್ ಕಳಿಸಿದ ಕಡೆಗಳೂ ಇದ್ದವು.

ಕಳಸ, ಸಂಸೆ, ಕುದುರೆಮುಖದ ಕಡೆ ನೆಟ್‌ವರ್ಕ್ ಸಿಗದಿದ್ರೆ ಪುಸ್ತಕದಲ್ಲಿ ಬರ್ಕೊಂಡು ಸಂಜೆ ಸಿಗ್ನಲ್ ಇರೋ ಕಡೆ ಬಂದು ಏರಿಸೋದು. ಅವತ್ತೇ ಏರಿಸದಿದ್ರೆ ಡೋಸಿನ ದಿನಾಂಕ ಮರುದಿನದ್ದಾಗುತ್ತೆ. ಮುಂದಿನ ಡೋಸಿನ ಅಂತರ ದಿನ ಎಣಿಸಿ ನೋಡೋ ಸಾಫ್ಟ್‌ವೇರು, ಒಂದು ದಿನ ಕಮ್ಮಿಯಾದ್ರೂ ಬಿಡಲ್ಲ.

ಕಡೂರು ಬಯಲು:
ಇದೆಲ್ಲ ಸರಿ. ಅಡ್ಡಪರಿಣಾಮದ ಮಾತು ಯಾರೂ ಎತ್ತಲ್ವಲ್ಲ? ಹೆಪ್ಪುಗಟ್ಟೋದು ವಯಲ್ ಮಾತ್ರ ಅಲ್ಲ, ರಕ್ತವೂ ಅಂತ ಆಮೇಲೆ ಎಲ್ಲರೂ ಓದಿದ್ವಿ.

ತಾಲ್ಲೂಕು ಡಾಕ್ಟ್ರು:
ಕೇಳಬೇಕಾದ ಪ್ರಶ್ನೆಯೇ. ಒಂದೊಂದಾಗಿ ಹೇಳುತ್ತೇನೆ.

ಲಸಿಕೆ ಹಾಕಿದ ಮೇಲೆ 30 ನಿಮಿಷ ಕೂರಿಸುತ್ತಿದ್ದದ್ದು ಅನಾಫಿಲಾಕ್ಸಿಸ್‌ಗಾಗಿ, ಅಂದರೆ ಮೈಯೆಲ್ಲ ಒಮ್ಮೆಲೇ ತಿರುಗಿಬೀಳುವ ತೀವ್ರ ಅಲರ್ಜಿ. ಅದನ್ನೂ ಬರೀ ತಲೆಸುತ್ತನ್ನೂ ಬೇರೆ ಮಾಡಿ ನೋಡಲು ಬರಬೇಕು. ಸೂಜಿಗೆ ಹೆದರಿ ಬಿದ್ದವರ ನಾಡಿ ನಿಧಾನ, ಮೈ ಬಿಳಿಚಿ ತಣ್ಣಗೆ ಬೆವರುತ್ತದೆ, ಮಲಗಿಸಿ ಕಾಲೆತ್ತಿದರೆ ಸ್ವಲ್ಪ ಹೊತ್ತಿಗೆ ಎದ್ದು ಕೂರುತ್ತಾರೆ. ಅಲರ್ಜಿಯಾದವರ ನಾಡಿ ವೇಗ ಮತ್ತು ಕ್ಷೀಣ, ಮೈಮೇಲೆ ದದ್ದು, ತುಟಿ ಅಥವಾ ನಾಲಿಗೆ ಊತ, ಎದೆಯಲ್ಲಿ ಸುಯ್ಯೆನ್ನುವ ಸದ್ದು, ವಾಂತಿ. ಇಲ್ಲಿ ಕಾಯುವಂತಿಲ್ಲ. ದೊಡ್ಡವರಿಗೆ 1:1000 ಅಡ್ರಿನಲಿನ್ 0.5 ಮಿ.ಲೀ., ತೊಡೆಯ ನಡುಭಾಗದ ಹೊರಮೈ ಸ್ನಾಯುವಿಗೆ. ಸುಧಾರಿಸದಿದ್ದರೆ 5ರಿಂದ 15 ನಿಮಿಷದಲ್ಲಿ ಮತ್ತೊಮ್ಮೆ, ಅಷ್ಟರಲ್ಲಿ ಆಂಬುಲೆನ್ಸ್. ಅವಿಲ್, ಹೈಡ್ರೊಕಾರ್ಟಿಸೋನ್ ಎಂಬ ಅಲರ್ಜಿ ಮದ್ದುಗಳು ಅದರ ನಂತರ. ಮೊದಲು ಅವಿಲ್ ಕೊಟ್ಟು ನೋಡೋಣ ಎನ್ನುವುದೇ ಪ್ರಾಣಕ್ಕೆ ಎರವಾಗುವ ತಡ. ಕ್ಯಾಂಪಿಗೆ ಒಯ್ಯುವ ತುರ್ತು ಔಷಧಿಯ ಕಿಟ್‌ನಲ್ಲಿ ಅಡ್ರಿನಲಿನ್ ಇದ್ದರೆ ಸಾಲದು, ಅವಧಿಯನ್ನೂ ನೋಡಿಕೊಂಡು ಹೊರಡಬೇಕು.

ಚಾರ್ಮಾಡಿ ಘಾಟಿಯ ಅಂಚಿನ ಊರುಗಳಲ್ಲಿ ಆಂಬುಲೆನ್ಸ್ ಬರುವ ಹೊತ್ತನ್ನು ಮೊದಲೇ ಲೆಕ್ಕ ಹಾಕಿ ಕ್ಯಾಂಪಿನ ಜಾಗ ಆರಿಸಬೇಕು. ರಸ್ತೆ ಪಕ್ಕದ ಶಾಲೆ ಇದ್ದರೆ ಒಳಗಿನ ದೇವಸ್ಥಾನದ ಅಂಗಳ ಬೇಡ.

ರಕ್ತ ಹೆಪ್ಪುಗಟ್ಟುವ ವಿಷಯ. ಕೋವಿಶೀಲ್ಡ್ ಅಡಿನೋವೈರಸ್ ಎಂಬ ಬೇರೊಂದು ವೈರಸ್ಸನ್ನು ವಾಹಕವಾಗಿ ಬಳಸುವ ಲಸಿಕೆ. ಆ ಬಗೆಯ ಲಸಿಕೆಯಿಂದ ಬಹಳ ಅಪರೂಪಕ್ಕೆ ಪ್ಲೇಟ್‌ಲೆಟ್ ಇಳಿದು, ಜೊತೆಗೇ ರಕ್ತ ಹೆಪ್ಪುಗಟ್ಟುವ ಸ್ಥಿತಿ ಬರಬಹುದು. ಇದು 2021ರ ಮೇ ತಿಂಗಳಲ್ಲೇ ನಮ್ಮ ಆರೋಗ್ಯ ಇಲಾಖೆಗಳಿಗೆ ಬಂದ ಸೂಚನೆಯಲ್ಲಿತ್ತು, ಆಮೇಲೆ ಹೊರಬಿದ್ದ ಗುಟ್ಟಲ್ಲ. ಮೊದಲ ಎರಡು ದಿನದ ತಲೆನೋವು ಜ್ವರ ಅದಲ್ಲ. ನಾಲ್ಕೈದು ದಿನ ಕಳೆದ ಮೇಲೆ, ಮೊದಲ ಮೂರು ವಾರಗಳಲ್ಲಿ, ಬಿಡದ ತಲೆನೋವು, ಉಸಿರಾಟದ ತೊಂದರೆ, ಒಂದೇ ಕಾಲು ಊದಿ ನೋವು, ಬಿಡದ ಹೊಟ್ಟೆನೋವು, ಸೂಜಿ ಚುಚ್ಚದ ಕಡೆ ಚರ್ಮದಲ್ಲಿ ಕೆಂಪು ಚುಕ್ಕಿ ಕಂಡರೆ ಅವತ್ತೇ ಪ್ಲೇಟ್‌ಲೆಟ್ ಎಣಿಕೆ ಮಾಡಿಸಬೇಕು. ಹೇಳಿ ಕಳಿಸಬೇಕಾದ್ದು ಇದು. ಬಹಳ ಕಡೆ "ಜ್ವರ ಬಂದ್ರೆ ಮಾತ್ರೆ ತಗೊಳ್ಳಿ" ಅಂದಷ್ಟಕ್ಕೇ ಮುಗಿಸುತ್ತಿದ್ದರು. ಕೊರತೆ ಅಲ್ಲಿತ್ತು.

ಆ ಮಾತ್ರೆಯ ಲೆಕ್ಕವೂ ಇರಲಿ. ಜ್ವರ ಬಂದ ಮೇಲೆ ಪ್ಯಾರಾಸಿಟಮಾಲ್ 650, ಎರಡರ ನಡುವೆ 6 ಗಂಟೆ, ದಿನಕ್ಕೆ 4 ಮೀರಬಾರದು. ಮುಂಚಿತವಾಗಿ ನುಂಗುವುದು ಬೇಕಿಲ್ಲ. ಸಂಜೆ ಕುಡಿಯುವ ಅಭ್ಯಾಸ ಇದ್ದವರಿಗೆ ಅದರ ಮೇಲೆ ಮಾತ್ರೆ ನುಂಗಬೇಡಿ ಎಂದು ಬಾಯಿಬಿಟ್ಟು ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಬೇಕಿಲ್ಲ, ಚುಚ್ಚಿದ ಜಾಗವನ್ನು ಉಜ್ಜದೆ ಐದು ನಿಮಿಷ ಒತ್ತಿ ಹಿಡಿದರೆ ಸಾಕು.

ಕಡೂರು ಬಯಲು:
ಒಪ್ಪಿದೆ ಡಾಕ್ಟ್ರೇ. ಇಷ್ಟು ವಿವರ ಅವತ್ತೇ ಒಂದು ಚೀಟಿಲಿ ಅಚ್ಚು ಹಾಕಿ ಕೊಟ್ಟಿದ್ರೆ ವಾಟ್ಸಾಪ್ ಯೂನಿವರ್ಸಿಟಿಗೆ ಅರ್ಧ ಕೆಲಸ ಕಮ್ಮಿ ಆಗ್ತಿತ್ತು.

ಆಶಾ ಅಕ್ಕ ಕೊಪ್ಪ:
ನಮ್ಮ ಕಡೆ ಜನ ಕೇಳ್ತಿದ್ದ ಪ್ರಶ್ನೆ ಬೇರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ಮಂಗನ ಕಾಯಿಲೆ ಲಸಿಕೆ ಗೊತ್ತು. ಆಗ ಅದನ್ನ ತಿಂಗಳ ಅಂತರದಲ್ಲಿ ಎರಡು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ ಹಾಕ್ತಿದ್ರು. ಅದರ ನೋವೂ ಗೊತ್ತು. "ಇದೂ ಹಂಗೇನಾ" ಅಂತಲೇ ಮೊದಲ ಮಾತು. ಅವರಿಗೆ ವೈರಸ್, ಪ್ರತಿಕಾಯ ಅಂತ ಪಾಠ ಮಾಡೋದಕ್ಕಿಂತ, ಎರಡು ಡೋಸು, ನಡುವೆ ಇಷ್ಟು ದಿನ, ಒಂದೆರಡು ದಿನ ಮೈ ನೋವು ಅಂತ ನೇರ ಹೇಳಿದ್ರೆ ಒಪ್ಪೋರು. ಮುನ್ನೆಚ್ಚರಿಕೆ ಡೋಸು ಬಂದಾಗ ಮಾತ್ರ "ಎರಡೇ ಅಂದಿದ್ರಲ್ಲ" ಅಂದ್ರು, ಅದಕ್ಕೆ ನಮ್ಮ ಹತ್ರ ಉತ್ತರ ಇರ್ಲಿಲ್ಲ.

ನಡೆಯೋಕಾಗದ ಅಜ್ಜ ಅಜ್ಜಿಯರಿಗೆ ಮನೆಗೇ ಹೋಗಿ ಹಾಕೋವಾಗ ದಾರಿ ಮೊದಲೇ ಗೊತ್ತು ಮಾಡ್ಕೋಬೇಕು. ದೂರದ ಮನೆಯಿಂದ ಶುರು ಮಾಡಿ ಹತ್ತಿರಕ್ಕೆ ಬರಬೇಕು. ಹತ್ತಿರದ ಮನೆಯಲ್ಲಿ ವಯಲ್ ತೆರೆದ್ರೆ ಕೊನೆ ಮನೆ ಮುಟ್ಟೋ ಹೊತ್ತಿಗೆ 4 ಗಂಟೆ ಆಗಿರುತ್ತೆ. ವಾಪಸ್ ಬರೋ ದಾರಿಯಲ್ಲಿ ರಸ್ತೆ ಬದಿ ಯಾರಾದ್ರೂ ಸಿಕ್ತಾರೆ, ಉಳಿದ ಡೋಸು ಅಲ್ಲಿ ಮುಗಿಯುತ್ತೆ. ಪ್ರತಿ ಮನೆಯಲ್ಲೂ 30 ನಿಮಿಷ ಕಾಯಬೇಕಲ್ಲ, ಹಾಗಾಗಿ ಒಬ್ಬರು ಅಲ್ಲೇ ಉಳಿದು ಇನ್ನೊಬ್ಬರು ಪಕ್ಕದ ಮನೆಗೆ ಹೋಗೋದು.

ಸೂಜಿ ಸಿಸ್ಟರ್:
ಅಕ್ಕ ಹೇಳಿದ್ದು ಸರಿ, ಆದರೆ ಉಳಿಯೋರ ಹತ್ರ ಕಿಟ್ ಇರಲೇಬೇಕು. ಒಂದೇ ಕಿಟ್ ಇದ್ದು ಅದು ಸಿಸ್ಟರ್ ಜೊತೆ ಮುಂದಿನ ಮನೆಗೆ ಹೋದ್ರೆ ಹಿಂದೆ ಉಳಿದವರು ಕೂತು ಏನು ಮಾಡ್ತಾರೆ?

ಹೇಮಾವತಿ ದಡ:
ಹತ್ತು ಜನ ಸೇರದಿದ್ರೆ ತೆರೀಬೇಕಾ ಬೇಡವಾ, ಅದೊಂದು ಇತ್ಯರ್ಥ ಮಾಡಿ.

ಶೀತಲ ಪೆಟ್ಟಿಗೆ:
ಬೇಡ. ಆರು ಜನಕ್ಕೆ ತೆರೆದರೆ ನಾಲ್ಕು ಡೋಸು ಚರಂಡಿಗೆ. 2021 ಏಪ್ರಿಲ್, ಮೇ ಹೊತ್ತಿಗೆ ಆ ನಾಲ್ಕು ಡೋಸಿಗೆ ಬೇರೆ ಕಡೆ ನಾಲ್ಕು ಜನ ಸಾಲಲ್ಲಿ ನಿಂತಿದ್ದರು.

ತಾಲ್ಲೂಕು ಡಾಕ್ಟ್ರು:
ಮೇ ತಿಂಗಳಿಗೆ ನಿಮ್ಮ ಮಾತು ಸರಿ. ಮನೆಮನೆ ಲಸಿಕೆ ಶುರುವಾದ ನವೆಂಬರಿಗೆ ಸರಿಯಲ್ಲ. ಅಷ್ಟರಲ್ಲಿ ದಾಸ್ತಾನಿಗೆ ಬರವಿರಲಿಲ್ಲ, ಉಳಿದದ್ದು ಮನಸ್ಸಿಲ್ಲದವರು ಮತ್ತು ದೂರದವರು. ಮಳೆಯಲ್ಲಿ ಇಳಿದು ಬಂದ ಆರು ಜನರನ್ನು ವಾಪಸ್ ಕಳಿಸಿದರೆ ಅವರು ಮತ್ತೆ ಬರುವುದಿಲ್ಲ. ಅಲ್ಲಿ ನಾಲ್ಕು ಡೋಸು ಚೆಲ್ಲಿದರೂ ಲಾಭವೇ.

ಶೀತಲ ಪೆಟ್ಟಿಗೆ:
ಲಾಭ ನಷ್ಟ ಹೇಳೋದು ಸುಲಭ ಸರ್, ವ್ಯರ್ಥದ ಶೇಕಡಾವಾರು ವರದಿಗೆ ಉತ್ತರ ಬರೆಯೋದು ಫಾರ್ಮಸಿಯವರು. ಆದರೂ ನವೆಂಬರ್ ವಿಷಯಕ್ಕೆ ಒಪ್ಪುತ್ತೇನೆ. ಇದೇ ಕಷ್ಟ 12-14ರ ಮಕ್ಕಳಿಗೆ ದುಪ್ಪಟ್ಟಾಯಿತು. ಮೊದಲು ಬಂದ ಕೋರ್ಬೆವ್ಯಾಕ್ಸ್ ವಯಲ್ 20 ಡೋಸಿನದು. ಮಲೆನಾಡಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆ ವಯಸ್ಸಿನ 20 ಮಕ್ಕಳು ಎಲ್ಲಿ ಸಿಗಬೇಕು? ಎರಡು ಮೂರು ಶಾಲೆಯ ಮಕ್ಕಳನ್ನ ಒಂದು ಕಡೆ ಕರೆಸಬೇಕು, ವಾಹನ ಬೇಕು, ಪೋಷಕರಿಗೆ ಮೊದಲೇ ಹೇಳಬೇಕು.

ಮಕ್ಕಳ ವಿಷಯದಲ್ಲಿ ಇನ್ನೊಂದು ಅಪಾಯ ಲಸಿಕೆ ಅದಲುಬದಲು. 15-18ಕ್ಕೆ ಕೋವ್ಯಾಕ್ಸಿನ್, 12-14ಕ್ಕೆ ಕೋರ್ಬೆವ್ಯಾಕ್ಸ್, ದೊಡ್ಡವರಿಗೆ ಹೆಚ್ಚಾಗಿ ಕೋವಿಶೀಲ್ಡ್. ಮೂರಕ್ಕೂ ಡೋಸು 0.5 ಮಿ.ಲೀ., ಮೂರಕ್ಕೂ ಅದೇ ಸಿರಿಂಜು. ಒಂದೇ ಮೇಜಿನ ಮೇಲೆ ಎರಡು ಬಗೆಯ ವಯಲ್ ತೆರೆದಿಟ್ಟರೆ ತಪ್ಪು ಆಗಿಯೇ ಆಗುತ್ತೆ. ಬೇರೆ ದಿನ, ಆಗದಿದ್ದರೆ ಬೇರೆ ಕೋಣೆ. ಸಿರಿಂಜಿಗೆ ಮೊದಲೇ ತುಂಬಿ ಸಾಲಾಗಿ ಜೋಡಿಸಿಡೋದಂತೂ ಬೇಡವೇ ಬೇಡ. ತುಂಬಿದ ಮೇಲೆ ಯಾವುದು ಯಾವುದು ಅಂತ ಹೇಳೋ ಗುರುತು ಏನೂ ಉಳಿಯೋದಿಲ್ಲ.

ಎಸ್ಟೇಟ್ ರೈಟರು:
ಕ್ಯಾಂಪ್ ಮುಗಿದ ಮೇಲಿನ ಕಸ ಯಾರ ಪಾಲಿಗೆ ಅಂತ ಯಾರೂ ಬರೀಲಿಲ್ಲ. ಲೈನ್ ಹತ್ರ ಮಕ್ಕಳು ಓಡಾಡ್ತಾರೆ.

ಸೂಜಿ ಸಿಸ್ಟರ್:
ಸ್ಥಳದಲ್ಲಿ ಏನೂ ಬಿಡೋ ಹಾಗಿಲ್ಲ ರೈಟರೇ, ಸುಡೋ ಹಾಗೂ ಇಲ್ಲ, ಹೂಳೋ ಹಾಗೂ ಇಲ್ಲ. ಚುಚ್ಚಿದ ಕೂಡಲೇ ಮುಚ್ಚಳ ಹಾಕದೆ ಹಬ್ ಕಟರ್‌ನಲ್ಲಿ ಸೂಜಿ ಕತ್ತರಿಸಬೇಕು, ಮುಚ್ಚಳ ಹಾಕೋಕೆ ಹೋದಾಗಲೇ ಸಿಸ್ಟರ್‌ಗಳ ಕೈಗೆ ಚುಚ್ಚೋದು. ಉಳಿದ ಪ್ಲಾಸ್ಟಿಕ್ ಸಿರಿಂಜು ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿ ಚೀಲಕ್ಕೆ, ಗಾಜಿನ ವಯಲ್ ನೀಲಿ ಡಬ್ಬಕ್ಕೆ, ಸಿರಿಂಜಿನ ಕವರು ಸೂಜಿ ಮುಚ್ಚಳ ಮಾಮೂಲಿ ಕಸಕ್ಕೆ. ಹೊರಡೋ ಮುಂಚೆ ಖಾಲಿ, ಅರ್ಧ, ತೆರೆಯದ ವಯಲ್ ಮೂರನ್ನೂ ಎಣಿಸಿ, ಬೆಳಗ್ಗೆ ಕೊಟ್ಟ ಲೆಕ್ಕಕ್ಕೆ ತಾಳೆ ನೋಡಬೇಕು. ಒಂದು ಕಮ್ಮಿ ಬಂದ್ರೆ ಅಲ್ಲೇ ಹುಡುಕಬೇಕು, ಹೆಚ್ಚಾಗಿ ಸಿಗೋದು ಕ್ಯಾರಿಯರ್‌ನ ಸ್ಪಂಜಿನ ಅಡಿಯಲ್ಲಿ.